ರಿಸೀಟಿನ ‘ಪಿ’ ಮತ್ತು ನಮ್ಮ ರಸೀದಿ

ಗಣೇಶನ ಹಬ್ಬ ಹತ್ತಿರವಾದರೆ ನಮ್ಮ ಪ್ರೆಸ್ಸಿಗೆ ಚಂದಾ ಪುಸ್ತಕಗಳ ಕೆಲಸ ನುಗ್ಗುತ್ತದೆ. ನಾನು ಸೇರಿದ ಎರಡನೇ ವರ್ಷ ಅಂಥದೇ ಗಡಿಬಿಡಿಯಲ್ಲಿ, ಒಂದು ಸಮಿತಿಯ ನಲವತ್ತು ಪುಸ್ತಕಗಳಿಗೆ ‘ರಿಸೀಟ್’ ಎಂಬ ಇಂಗ್ಲಿಷ್ ಪದವನ್ನು ಐ ಮೊದಲು, ಇ ಆಮೇಲೆ ಇಟ್ಟು ಅಚ್ಚು ಹಾಕಿಬಿಟ್ಟೆ. ನಂಬರು ಬಿದ್ದು, ಬೈಂಡಿಂಗ್ ಕೂಡ ಮುಗಿದಿತ್ತು. ಖಜಾಂಚಿಯಾಗಿದ್ದ ನಿವೃತ್ತ ಮೇಷ್ಟ್ರು ಒಂದು ಪುಸ್ತಕ ಬಿಡಿಸಿ, “ಸಿ ಆದ ಮೇಲೆ ಇ ಅಲ್ಲವೇನಪ್ಪಾ ಬರುವುದು?” ಎಂದರು. ನಾಲ್ಕು ಸಾವಿರ ಹಾಳೆ ರದ್ದಿಗೆ ಹೋಯಿತು. ಅರ್ಧ ನಷ್ಟ ನನ್ನ ಸಂಬಳದಲ್ಲಿ ವಜಾ.

ಮೇಷ್ಟ್ರ ಸೂತ್ರದಿಂದ ಇ-ಐ ತೊಡಕು ಬಿಟ್ಟಿತು. ಆದರೆ ಬಾಯಲ್ಲಿ ಬಾರದ ಆ ‘ಪಿ’ ಅಲ್ಲೇಕೆ ಕುಳಿತಿದೆ? ಸಿಟ್ಟಿನಿಂದಲೇ ನಿಘಂಟು ತೆರೆದೆ. ಪದದ ಬೇರು ಲ್ಯಾಟಿನ್ನಿನ ‘ರೆಸೆಪ್ಟ’, ಎಂದರೆ ಪಡೆದದ್ದು. ಫ್ರೆಂಚರ ಬಾಯಲ್ಲಿ ‘ಪ’ಕಾರ ಸವೆದುಹೋಗಿ, ಇಂಗ್ಲಿಷಿಗೆ ಬರುವಾಗ ಪದ ‘ಪಿ’ ಇಲ್ಲದೆಯೇ ಬಂದಿತ್ತು. ಆಮೇಲೆ ಲ್ಯಾಟಿನ್ ಬಲ್ಲವರು ಮೂಲ ನೆನಪಾಗಲೆಂದು ಅದನ್ನು ಮರಳಿ ತುರುಕಿದರು. ಉಚ್ಚಾರಣೆ ಮಾತ್ರ ಕದಲಲಿಲ್ಲ. ತಮಾಷೆಯೆಂದರೆ ಅದೇ ಕುಲದ ‘ಡಿಸೀಟ್’, ‘ಕನ್ಸೀಟ್’ ಪದಗಳಿಗೆ ಈ ಉಪಚಾರ ದಕ್ಕಲಿಲ್ಲ. ವಂಚನೆಗೂ ಜಂಬಕ್ಕೂ ‘ಪಿ’ ಇಲ್ಲ, ಹಣ ಕೈಬದಲಾದಲ್ಲಿ ಇದೆ. ‘ಪಿ ಎಂದರೆ ಪೈಸೆ’ ಎಂದು ನೆನಪಿಟ್ಟುಕೊಂಡೆ. ಮತ್ತೆ ತಪ್ಪಿಲ್ಲ.

ಹಿಂದೆ ಇದೇ ಪದಕ್ಕೆ ಔಷಧ ಮತ್ತು ಅಡುಗೆ ಮಾಡುವ ವಿಧಾನ ಎಂಬ ಅರ್ಥವೂ ಇತ್ತು. ಈಗ ಆ ಕೆಲಸ ‘ರೆಸಿಪಿ’ಯದು. ಅದೂ ಅದೇ ಬೇರಿನದು: ಲ್ಯಾಟಿನ್ನಿನಲ್ಲಿ ‘ತೆಗೆದುಕೋ’ ಎಂಬ ಅಪ್ಪಣೆ. ವೈದ್ಯರ ಚೀಟಿಯ ತಲೆಯಲ್ಲಿರುವ, ಬಾಲಕ್ಕೆ ಗೀಟು ಹೊಡೆದ ‘ಆರ್’ ಅದರ ಗುರುತು. 1611ರ ಇಂಗ್ಲಿಷ್ ಬೈಬಲಿನಲ್ಲಿ ಮತ್ತಾಯನು ಕುಳಿತಿದ್ದ ಸುಂಕದ ಕಟ್ಟೆಗೂ ‘ರಿಸೀಟ್’ ಎಂದೇ ಹೆಸರು. ಲೆಕ್ಕಪತ್ರದವರು ಬಹುವಚನದಲ್ಲಿ ಬಳಸಿದರೆ ಕಾಗದವಲ್ಲ, ಜಮೆಯಾದ ಹಣ.

ನಾನು ನಿಜವಾಗಿ ಬೇಸ್ತುಬಿದ್ದದ್ದು ಕನ್ನಡದ ಕಡೆ. ‘ರಿಸೀಟ್’ ನಮ್ಮ ಬಾಯಲ್ಲಿ ಸವೆದು ‘ರಸೀದಿ’ಯಾಯಿತೆಂದು ವರ್ಷಗಟ್ಟಲೆ ಗಿರಾಕಿಗಳಿಗೆ ಉಪದೇಶ ಮಾಡಿದ್ದೆ. ಶುದ್ಧ ತಪ್ಪು. ರಸೀದಿ ಪಾರಸಿಯ ‘ರಸೀದ್’. ‘ತಲುಪಿತು’ ಎಂದು ಅದರ ಅರ್ಥ. ಮರಾಠಿಯಲ್ಲಿ ರಸೀದಿಗೆ ‘ಪಾವತಿ’ ಎನ್ನುತ್ತಾರೆ. ಅದೂ ತಲುಪುವುದು, ದೊರೆಯುವುದು ಎಂಬ ಕ್ರಿಯಾಪದದಿಂದಲೇ ಬಂದದ್ದು. ನಾವು ಆ ಪದವನ್ನು ಹಣ ಕೊಡುವವನ ಕಡೆಗೆ ತಿರುಗಿಸಿಕೊಂಡೆವು. ಇಂಗ್ಲಿಷಿನವನು ‘ಪಡೆದೆ’ ಎಂದು ಬರೆದುಕೊಟ್ಟ ಚೀಟಿಯನ್ನೇ ಪಾರಸಿಯವನು ‘ತಲುಪಿತು’ ಎಂದು ಬರೆದುಕೊಟ್ಟ. ದನಿಯ ಹೋಲಿಕೆ ಬರೀ ಆಕಸ್ಮಿಕ.

ಮೂಲದಲ್ಲಿ ‘ಸ’ಕಾರ ಇರುವುದರಿಂದ ನಾನು ‘ರಸೀದಿ’ ಎಂದೇ ಹಾಕುತ್ತೇನೆ. ಆದರೆ ‘ರಶೀದಿ’ ಎನ್ನುವವರೂ ಕಡಿಮೆಯಿಲ್ಲ. ಕಳೆದ ತಿಂಗಳು ಒಂದು ದೇವಸ್ಥಾನದವರು ಹಳೆಯ ಪುಸ್ತಕ ತೋರಿಸಿ ‘ಶ’ಕಾರವೇ ಬೇಕೆಂದು ಪಟ್ಟು ಹಿಡಿದರು. ಹಾಗೆಯೇ ಹಾಕಿಕೊಟ್ಟೆ. ಅಚ್ಚಿಗೆ ಕಳುಹಿಸುವ ಮುನ್ನ ಕರಡಿನ ಮೇಲೆ ಅವರ ಸಹಿ ಮಾತ್ರ ಹಾಕಿಸಿಕೊಂಡೆ.