ಗಪ್ಪಿ ಮರಿಗಳಿಗೆ ಒದಗಿದ ಮರುವಾಯಿ ಚಿಪ್ಪು

ಉಡುಪಿಯ ನಮ್ಮ ಮನೆಯ ಸೌದೆ ಕೊಟ್ಟಿಗೆಯಲ್ಲಿ ಆರು ತೊಟ್ಟಿಗಳನ್ನಿಟ್ಟು ಗಪ್ಪಿ ಎಂಬ ಪುಟ್ಟ ಅಲಂಕಾರಿಕ ಮೀನು ಸಾಕಲಾರಂಭಿಸಿದಾಗ, ಹುಟ್ಟಿದ ಮರಿಗಳು ವಾರದೊಳಗೆ ಈಜುರೆಕ್ಕೆ ಮುದುಡಿಕೊಂಡು, ನಿಂತಲ್ಲೇ ತೊನೆಯುತ್ತ ಸಾಯುತ್ತಿದ್ದವು. ಆಹಾರವನ್ನೂ ಏರ್ ಪಂಪನ್ನೂ ದೂರುತ್ತ ಎರಡು ತಿಂಗಳು ಕಳೆದ ಮೇಲಷ್ಟೇ ನೀರನ್ನು ಪರೀಕ್ಷಿಸಿದೆ: ಪಿಎಚ್ 5.8, ಅಂದರೆ ಆಮ್ಲೀಯ; ಗಡಸುತನ ಇಲ್ಲವೆನ್ನುವಷ್ಟು ಕಡಿಮೆ. ಮುರಕಲ್ಲಿನ (ಜಂಬಿಟ್ಟಿಗೆಯ) ನೆಲದ ಬಾವಿ ನೀರು ಕುಡಿಯಲು ಹಿತವಾದರೂ ಗಪ್ಪಿಗೆ ಸುಣ್ಣದಂಶವುಳ್ಳ ಗಡಸು ನೀರೇ ಬೇಕು.

ಅಡುಗೆಮನೆಯಲ್ಲಿ ಉಳಿದ ಮರುವಾಯಿ (ತಿನ್ನುವ ಕಪ್ಪೆಚಿಪ್ಪು) ಚಿಪ್ಪುಗಳನ್ನು ಮಾಂಸದ ಎಳೆಯೂ ಉಳಿಯದಂತೆ ಉಜ್ಜಿ, ಕುದಿಸಿ, ಜಜ್ಜಿ, ಹಳೆಯ ಕಾಲುಚೀಲದಲ್ಲಿ ಕಟ್ಟಿ ಸ್ಪಂಜ್ ಫಿಲ್ಟರಿನ ಪಕ್ಕ ಇಳಿಬಿಟ್ಟೆ. ಆಮ್ಲೀಯ ನೀರು ಚಿಪ್ಪಿನ ಕ್ಯಾಲ್ಸಿಯಂ ಕಾರ್ಬೊನೇಟನ್ನು ಮೆಲ್ಲಗೆ ಕರಗಿಸಿಕೊಳ್ಳುವುದರಿಂದ ಪಿಎಚ್ ಒಮ್ಮೆಲೇ ಜಿಗಿಯದೆ, ಹತ್ತು ದಿನಗಳಲ್ಲಿ 7.4ಕ್ಕೆ ಬಂದು ನಿಂತಿತು. ಮುಂದಿನ ಸೂಲಿನ ಮರಿಗಳಲ್ಲಿ ಹೆಚ್ಚಿನವು ಬದುಕಿವೆ. ಬೆಟ್ಟಾ ತೊಟ್ಟಿಗೆ ಮಾತ್ರ ಚಿಪ್ಪು ಹಾಕಿಲ್ಲ. ಆ ಮೀನಿಗೆ ಬಾವಿಯ ಮೃದು ನೀರೇ ಒಗ್ಗಿದೆ.