ಪಕ್ಕದ ರೂಮಿನ ನೋವಿನ ಕ್ಲಿನಿಕ್

"ಇನ್ನೇನೂ ಮಾಡೋಕಾಗಲ್ಲ, ಮನೆಗೆ ಕರ್ಕೊಂಡು ಹೋಗಿ." ಡಾಕ್ಟರಾಗಿ ಈ ಮಾತನ್ನು ನಾನೂ ಒಬ್ಬ ರೋಗಿಯ ಮನೆಯವರಿಗೆ ಹೇಳಿದ್ದೇನೆ. ಆ ರೋಗಿ ಮನೆಗೆ ಹೋಗಿ ಮೂರು ವಾರ ಬದುಕಿದ್ದರು. ಮೂರೂ ವಾರ ರಾತ್ರಿಯೆಲ್ಲ ನರಳುತ್ತಿದ್ದರು ಅಂತ ಅವರ ತಂಗಿ ಆಮೇಲೆ ಸಂತೆಯಲ್ಲಿ ಸಿಕ್ಕಾಗ ಹೇಳಿದರು. ಬೈಯಲಿಲ್ಲ. ಬೈದಿದ್ದರೆ ನನಗೆ ಸ್ವಲ್ಪ ಹಗುರ ಆಗುತ್ತಿತ್ತೇನೋ.

ಅದಾದ ಮೇಲೆ ತಿರುವನಂತಪುರಕ್ಕೆ ಹೋದೆ. ಡಾ. ಎಂ.ಆರ್. ರಾಜಗೋಪಾಲ್ ಮತ್ತು ಗೆಳೆಯರು 2003ರಲ್ಲಿ ಶುರು ಮಾಡಿದ ಪ್ಯಾಲಿಯಂ ಇಂಡಿಯಾ ಸಂಸ್ಥೆಯಲ್ಲಿ ಪ್ಯಾಲಿಯೇಟಿವ್ ಕೇರ್, ಅಂದರೆ ದೊಡ್ಡ ಕಾಯಿಲೆಯವರ ನೋವು, ನರಳಾಟ ಕಡಿಮೆ ಮಾಡುವ ಆರೈಕೆ, ಕಲಿತು ಬಂದೆ. ಇದು ಸಾಯುವ ಹೊತ್ತಿನ ಚಿಕಿತ್ಸೆ ಅನ್ನುವ ನಂಬಿಕೆ ಅಲ್ಲೇ ಬಿಟ್ಟುಹೋಯಿತು. 2010ರಲ್ಲಿ ಬೋಸ್ಟನ್‌ನಿಂದ ಒಂದು ಅಧ್ಯಯನ ಬಂದಿತ್ತು. ಶ್ವಾಸಕೋಶದ ಕ್ಯಾನ್ಸರ್ ಹರಡಿದ್ದ 151 ಜನ. ಮಾಮೂಲಿ ಚಿಕಿತ್ಸೆಯ ಜೊತೆಗೇ, ಮೊದಲಿನಿಂದಲೇ, ಈ ಆರೈಕೆ ಸಿಕ್ಕವರು ಹೆಚ್ಚು ನೆಮ್ಮದಿಯಿಂದ ಇದ್ದರು. ಬರೀ ಮಾಮೂಲಿ ಚಿಕಿತ್ಸೆ ಸಿಕ್ಕವರಿಗಿಂತ ಎರಡೂವರೆ ತಿಂಗಳಿಗೂ ಜಾಸ್ತಿ ಬದುಕಿದ್ದರು ಕೂಡ.

ಊರಿಗೆ ಬಂದು ಕ್ಯಾನ್ಸರ್ ಡಾಕ್ಟರ ಮುಂದೆ ಇದನ್ನು ಇಟ್ಟೆ. "ಕೀಮೋ ನಡೀತಿರೋವಾಗ ನಿಮ್ಮ ಹತ್ರ ಕಳಿಸಿದ್ರೆ ಜನ ಹೆದರ್ತಾರೆ ಮೇಡಂ" ಅಂದರು. ಅವರ ಮಾತೂ ಸುಳ್ಳಲ್ಲ. ಹಾಗಾಗಿ ಹೆಸರನ್ನೇ ಬದಲಾಯಿಸಿದೆ. ಬೋರ್ಡಿನ ಮೇಲೆ 'ನೋವಿನ ಕ್ಲಿನಿಕ್' ಅಂತ ಬರೆಸಿ, ಕೀಮೋ ಕೊಡುವ ವಾರ್ಡಿನ ಪಕ್ಕದ ರೂಮನ್ನೇ ಕೇಳಿ ತಗೊಂಡೆ. ಕೀಮೋಗೆ ಬಂದ ದಿನವೇ ನನ್ನನ್ನೂ ನೋಡಿಕೊಂಡು ಹೋಗಬಹುದು, ಇನ್ನೊಂದು ಬಸ್ ಚಾರ್ಜ್ ಬೇಡ. ಡಾಕ್ಟರಿಗೆ ಒಂದೇ ಪ್ರಶ್ನೆ ಕೊಟ್ಟೆ: ಈ ರೋಗಿ ಇನ್ನೊಂದು ವರ್ಷದೊಳಗೆ ತೀರಿಕೊಂಡರೆ ನಿಮಗೆ ಆಶ್ಚರ್ಯ ಆಗುತ್ತಾ? ಇಲ್ಲ ಅಂದರೆ ಫೈಲು ಈ ಕಡೆ ಕಳಿಸಿ. ಆಮೇಲೆ ಹಾರ್ಟ್ ಸೋತವರು, ಕಿಡ್ನಿ ಸೋತವರು, ಉಸಿರಾಟದ ತೊಂದರೆಯವರೂ ಬರತೊಡಗಿದರು.

ಒಬ್ಬ ಯಜಮಾನರನ್ನು ಮರೆಯೋಕೆ ಆಗಿಲ್ಲ. ಎಲೆ-ಅಡಿಕೆ, ಹೊಗೆಸೊಪ್ಪು ಹಾಕಿ ಹಾಕಿ ಬಾಯಿ ಕ್ಯಾನ್ಸರ್ ಆಗಿತ್ತು. ಗೆಡ್ಡೆ ಕೆನ್ನೆ ಒಡೆದು ಹೊರಗೆ ಬಂದಿತ್ತು. ರೇಡಿಯೇಷನ್ ಇನ್ನೂ ನಡೆಯುತ್ತಿತ್ತು. ಟವೆಲ್ ಮುಚ್ಚಿಕೊಂಡು ಬಾಗಿಲ ಹತ್ತಿರವೇ ಕೂತರು. "ಒಳಗೆ ಬನ್ನಿ ಯಜಮಾನ್ರೇ" ಅಂದರೆ ಬೇಡ ಅಂತ ತಲೆ ಆಡಿಸಿದರು. ಹೆಂಡತಿ ಮೆಲ್ಲಗೆ ಹೇಳಿದರು: "ವಾಸ್ನೆ ಮೇಡಂ. ಮನೇಲೂ ದನದ ಕೊಟ್ಟಿಗೇಲೇ ಮಲಗ್ತಾರೆ. ಮೊಮ್ಮಗಳು ಹತ್ರ ಬರಲ್ಲ."

ನಾನು ನೋವಿನ ಬಗ್ಗೆ ಕೇಳೋಕೆ ರೆಡಿಯಾಗಿ ಕೂತಿದ್ದೆ. ಅವರ ಕಷ್ಟ ಬೇರೆಯೇ ಇತ್ತು. ಗಾಯವನ್ನು ಕಾಯಿಸಿ ಆರಿಸಿದ ಉಪ್ಪುನೀರಲ್ಲಿ ತೊಳೆದು, ಮೆಟ್ರೊನಿಡಜೋಲ್ ಮಾತ್ರೆಯನ್ನು ನುಣ್ಣಗೆ ಪುಡಿ ಮಾಡಿ ಉದುರಿಸಿ, ಗಾಜ್ ಬಟ್ಟೆ ಮುಚ್ಚಿದೆವು. ಭೇದಿಗೆ ಕೊಡುತ್ತೇವಲ್ಲ, ಅದೇ ಮಾತ್ರೆ. ತೀರಾ ಅಗ್ಗ. ವಾಸನೆ ಹುಟ್ಟಿಸುವ ಬ್ಯಾಕ್ಟೀರಿಯಾವನ್ನು ಅದು ಕೊಲ್ಲುತ್ತದೆ. ಕೈ ಹಿಡಿದು ಮಾಡಿಸಿ ಹೆಂಡತಿಗೂ ಕಲಿಸಿದೆವು. ಮುಂದಿನ ವಾರ ಬಂದಾಗ ಯಜಮಾನರು ನೇರ ಮೇಜಿನ ಮುಂದಿನ ಕುರ್ಚಿಗೆ ಬಂದು ಕೂತರು. ಮೊಮ್ಮಗಳೂ ಜೊತೆಗೆ ಬಂದಿದ್ದಳು, ನನ್ನ ಸ್ಟೆತಸ್ಕೋಪ್ ಎಳೆಯುತ್ತಾ.

ನೋವಿಗೆ ಮಾರ್ಫಿನ್ ಬೇಕಿತ್ತು, ಅಫೀಮಿನಿಂದ ಮಾಡುವ ಬಲವಾದ ನೋವಿನ ಔಷಧ. ಅದನ್ನು ತರಿಸೋದೇ ಒಂದು ಕತೆ. ಮಾದಕ ವಸ್ತುಗಳನ್ನು ನಿಯಂತ್ರಿಸುವ 1985ರ ಎನ್‌ಡಿಪಿಎಸ್ ಕಾಯ್ದೆಯಿಂದಾಗಿ ಮುಂಚೆ ನಾಲ್ಕೈದು ಲೈಸೆನ್ಸ್ ಬೇಕಾಗುತ್ತಿದ್ದವು. 2014ರ ತಿದ್ದುಪಡಿ ಆದ ಮೇಲೆ ರಾಜ್ಯದ ಔಷಧ ನಿಯಂತ್ರಕರ ಅನುಮತಿ ಒಂದೇ ಸಾಕು. ಆದರೂ ನಮ್ಮ ಫಾರ್ಮಸಿಸ್ಟ್ ರಿಜಿಸ್ಟರ್ ಮುಟ್ಟೋಕೂ ಹೆದರುತ್ತಿದ್ದರು. ಮೊದಲ ಆರು ತಿಂಗಳು ಬೀರುವಿನ ಬೀಗದ ಕೈ ನನ್ನ ಪರ್ಸಲ್ಲೇ ಇತ್ತು. ಮನೆಯವರಿಗೂ ಭಯ, ಚಟ ಹಿಡಿಯುತ್ತೆ ಅಂತ. ಕ್ಯಾನ್ಸರ್ ನೋವಿಗೆ ಲೆಕ್ಕ ಹಾಕಿ, ಕಣ್ಣಿಟ್ಟು ಕೊಟ್ಟಾಗ ಆ ಚಟ ಅಪರೂಪ. ಗ್ಯಾರಂಟಿಯಾಗಿ ಬರೋದು ಮಲಬದ್ಧತೆ. ಮಾರ್ಫಿನ್ ಬರೆದ ಚೀಟಿಯಲ್ಲೇ ಮಲ ಸಡಿಲ ಮಾಡುವ ಮಾತ್ರೆಯನ್ನೂ ಬರೆಯದಿದ್ದರೆ, ನಾಲ್ಕನೇ ದಿನ ರೋಗಿ ಮಾರ್ಫಿನ್ನನ್ನೇ ಬಿಟ್ಟು ಕೂತಿರುತ್ತಾರೆ. ಇದನ್ನೂ ಪೆಟ್ಟು ತಿಂದೇ ಕಲಿತೆ.

ಮಾರ್ಫಿನ್ ಮಾತ್ರೆ ನಾಲ್ಕು ಗಂಟೆಗೊಮ್ಮೆ. ಯಜಮಾನರ ಹೆಂಡತಿಗೆ ಓದು ಬರುತ್ತಿರಲಿಲ್ಲ. ಕ್ಯಾಲೆಂಡರ್ ಹಿಂಬದಿ ಐದು ಗಡಿಯಾರ ಬರೆದುಕೊಟ್ಟೆ: ಬೆಳಿಗ್ಗೆ 6, 10, ಮಧ್ಯಾಹ್ನ 2, ಸಂಜೆ 6, ರಾತ್ರಿ 10. ರಾತ್ರಿ ಹತ್ತರ ಗಡಿಯಾರದ ಪಕ್ಕ ಎರಡು ಚುಕ್ಕೆ, ಅಂದರೆ ಎರಡು ಮಾತ್ರೆ. ಹಾಗೆ ಕೊಟ್ಟರೆ ನಡುರಾತ್ರಿ 2ಕ್ಕೆ ಎಬ್ಬಿಸೋದು ಬೇಕಿಲ್ಲ.

ಮುಂದಿನ ಸಲ ಬಂದಾಗ "ನಿದ್ದೆ ಬಂತಾ?" ಅಂತ ಯಜಮಾನರನ್ನು ಕೇಳಿದೆ.

ಉತ್ತರ ಹೆಂಡತಿ ಕೊಟ್ಟರು. "ನಂಗೂ ಬಂತು ಮೇಡಂ."