ಹಣ್ಣುನೊಣದಲ್ಲಿ ಕಿಡ್ನಿ ಔಷಧಿಯ ಪರೀಕ್ಷೆ: ನಾವು ಮಾಡುವ ಬಗೆ

ಹಣ್ಣುನೊಣಕ್ಕೆ ನಮ್ಮಂಥ ಕಿಡ್ನಿ ಇಲ್ಲ. ಆದರೆ ಅದರ ದೇಹದ್ರವ ಸೋಸುವ ನೆಫ್ರೋಸೈಟ್‌ ಕೋಶಗಳ ಅಂಚಿನಲ್ಲಿ ನಮ್ಮ ಕಿಡ್ನಿಯ ಸೋಸುವ ಕೋಶವಾದ ಪೋಡೋಸೈಟ್‌ನಲ್ಲಿರುವಂಥದೇ ಸೋಸುಪರದೆ ಇದೆ. ಮೂತ್ರದಲ್ಲಿ ಪ್ರೋಟೀನ್ ಸೋರಿಹೋಗುವ ಆನುವಂಶಿಕ ನೆಫ್ರೋಟಿಕ್ ಸಿಂಡ್ರೋಮ್‌ನ ಜೀನ್‌ಗಳನ್ನು ಅಲ್ಲಿ ಅಡಗಿಸಿ ನೋಡುತ್ತೇವೆ.

ಹೊಸ ಔಷಧಿಗೆ ಮೊದಲು ಪರೀಕ್ಷೆಯೇ ಸರಿಯಿದೆಯೇ ಎಂದು ತಿಳಿಯಬೇಕು. ಡಾಟ್-ಗಾಲ್4 (ನೆಫ್ರೋಸೈಟ್‌ಗಳಲ್ಲಿ ಜೀನ್ ಚಾಲೂ ಮಾಡುವ ಡ್ರೈವರ್) ನೊಣವನ್ನು ಕೋಕ್2 ಜೀನ್ ಅಡಗಿಸುವ ಆರ್‌ಎನ್‌ಎಐ ನೊಣದೊಂದಿಗೆ ಕೂಡಿಸಿ, ಮರಿಹುಳುಗಳಿಗೆ ಆ ಜೀನ್ ತಯಾರಿಸಲು ನೆರವಾಗುವ ಕೋಎನ್‌ಜೈಮ್ ಕ್ಯೂ10 ತಿನ್ನಿಸುತ್ತೇವೆ. ಇಲ್ಲಿ ಚೇತರಿಕೆ ಕಾಣದಿದ್ದರೆ ಮುಂದಕ್ಕೆ ಹೋಗುವುದಿಲ್ಲ. ಕ್ಯೂ10 ನೀರಿನಲ್ಲಿ ಕರಗದು, ಬೆಳಕಿಗೆ ಕೆಡುತ್ತದೆ. ಚೆನ್ನಾಗಿ ಬೆರೆಯದೆ ಉಂಡೆಗಟ್ಟಿದರೆ ಒಂದು ಹುಳುವಿಗೆ ಹೆಚ್ಚು, ಇನ್ನೊಂದಕ್ಕೆ ಏನೂ ಸಿಗದು.

ಉಳಿದ ಔಷಧಿಗಳಿಗೆ ದ್ರಾವಕವಾದ ಡಿಎಂಎಸ್‌ಒದಲ್ಲಿ 10 ಮಿಲಿಮೋಲಾರ್ ದ್ರಾವಣ. ಆಹಾರ 50 ಡಿಗ್ರಿಗಿಂತ ತಣ್ಣಗಾದ ಮೇಲೆ, ಆದರೆ ಆಗರ್ ಹೆಪ್ಪುಗಟ್ಟುವ ಮೊದಲು, 5 ಮಿ.ಲೀ.ಗೆ 5 ಮೈಕ್ರೋಲೀಟರ್ ಬೆರೆಸಿದರೆ 10 ಮೈಕ್ರೋಮೋಲಾರ್ ಔಷಧಿ, 0.1% ಡಿಎಂಎಸ್‌ಒ. ಬರೀ ಡಿಎಂಎಸ್‌ಒ ಬೆರೆಸಿದ ಟ್ಯೂಬ್‌ ಪ್ರತಿ ಸಲವೂ ಬೇಕು.

ಆಹಾರ ಬಿಟ್ಟು ಅಲೆಯುವ ಕೊನೆಯ ಹಂತದ, ಅಂದರೆ ಮೂರನೇ ಇನ್‌ಸ್ಟಾರ್ ಹುಳುವಿನಿಂದ ಗಾರ್ಲೆಂಡ್ ಕೋಶಗಳನ್ನು (ಒಂದು ಬಗೆಯ ನೆಫ್ರೋಸೈಟ್) ಬಿಡಿಸಿ, ಪ್ರತಿ ಮಿ.ಲೀ.ಗೆ 0.2 ಮಿ.ಗ್ರಾಂ ಹೊಳೆಯುವ ಬಣ್ಣ ಹಚ್ಚಿದ ಪ್ರೋಟೀನಾದ ಎಫ್‌ಐಟಿಸಿ-ಆಲ್ಬುಮಿನ್‌ನಲ್ಲಿ 30 ಸೆಕೆಂಡ್ ಇಟ್ಟು, ತಣ್ಣನೆಯ ಉಪ್ಪುದ್ರಾವಣವಾದ ಪಿಬಿಎಸ್‌ನಲ್ಲಿ ತೊಳೆದು, ಕೂಡಲೇ ಫಿಕ್ಸ್ ಮಾಡುತ್ತೇವೆ (ಇದ್ದ ಸ್ಥಿತಿಯಲ್ಲೇ ನಿಲ್ಲಿಸುತ್ತೇವೆ). ಸರಿಯಿರುವ ಕೋಶ ಅದನ್ನು ಹೆಚ್ಚು ಹೀರಿ ಹೊಳೆಯುತ್ತದೆ. ಗಡಿಯಾರ ಬಿಟ್ಟರೆ ಕೆಟ್ಟಿತು: 10 ಸೆಕೆಂಡ್ ಹೆಚ್ಚಾದರೂ ಹೊಳಪು ಏರಿ, ಔಷಧಿ ಫಲಿಸಿದಂತೆ ಕಾಣುತ್ತದೆ. ಕಾನ್‌ಫೋಕಲ್ ಸೂಕ್ಷ್ಮದರ್ಶಕದ ಸೆಟ್ಟಿಂಗ್ ಬದಲಿಸಬಾರದು, ಅಳೆಯುವವರಿಗೆ ಯಾವ ಹುಳು ಯಾವುದೆಂದು ಗೊತ್ತಿರಬಾರದು.

ನೆಫ್ರೋಸೈಟ್ ಸೋಸಿ ತೆಗೆಯಬೇಕಾದ ವಿಷವಾದ ಸಿಲ್ವರ್ ನೈಟ್ರೇಟ್ ತಿನ್ನಿಸಿ ಎಷ್ಟು ಬದುಕುತ್ತವೆ ಎಂದು ಎಣಿಸುವುದು ಅಗ್ಗದ ದಾರಿ. ಆದರೆ ಆಹಾರದಲ್ಲಿ ಉಪ್ಪಿದ್ದರೆ ಬೆಳ್ಳಿ ಕ್ಲೋರೈಡ್ ಆಗಿ ಕೆಳಗೆ ಕೂರುತ್ತದೆ. ಆಗ ಹುಳುಗಳು ಬದುಕಿದ್ದು ಔಷಧಿಯಿಂದಲ್ಲ, ಉಪ್ಪಿನಿಂದ.

ಎಲ್ಲಕ್ಕಿಂತ ಮೋಸದ ಫಲಿತಾಂಶ ಬೇರೆ ಇದೆ. ಔಷಧಿ ಗಾಲ್4ನ ಕೆಲಸವನ್ನೇ ತಗ್ಗಿಸಿದರೆ ಆರ್‌ಎನ್‌ಎಐ ಸಡಿಲವಾಗಿ ಕೋಶ ತಾನೇ ಸರಿಹೋಗುತ್ತದೆ. ಅದಕ್ಕೆ ಅದೇ ಡ್ರೈವರ್‌ನಲ್ಲಿ ಗಾಲ್4 ಚಾಲೂ ಮಾಡುವ ಹೊಳೆಯುವ ಪ್ರೋಟೀನಿನ ಜೀನ್ ಯುಎಎಸ್-ಜಿಎಫ್‌ಪಿ ಇಟ್ಟು ಹೊಳಪು ಇಳಿಯಿತೇ ನೋಡುತ್ತೇವೆ. ಕಹಿ ಔಷಧಿಯಾದರೆ ಹುಳು ತಿನ್ನುವುದೇ ಇಲ್ಲ: ಆಹಾರಕ್ಕೆ ನೀಲಿ ಬಣ್ಣ ಬೆರೆಸಿ ಹೊಟ್ಟೆ ನೋಡಿದರೆ ತಿಳಿಯುತ್ತದೆ. ಬೆಳವಣಿಗೆ ತಡವಾದ ಹುಳುಗಳನ್ನು ದಿನದ ಲೆಕ್ಕದಲ್ಲಿ ಹೋಲಿಸಬೇಡಿ, ಹಂತ ನೋಡಿ ಆರಿಸಿ.